ಬೀಗದ ಕೈ ಒಪ್ಪಿಸುವ ಮೊದಲು

ಮಂಗಳೂರು

ಪ್ರೀತಿಯ ಪುಟ್ಟಿಗೆ ಅತ್ತೆಯ ಆಶೀರ್ವಾದಗಳು.

ನಿನ್ನ ಮೆಸೇಜು ಓದಿದೆ. ಅಷ್ಟುದ್ದದ್ದಕ್ಕೆ ಫೋನಿನಲ್ಲಿ ಉತ್ತರ ಒತ್ತುತ್ತಾ ಕೂರುವುದು ನನ್ನಿಂದಾಗದು, ಅದಕ್ಕೇ ಕಾಗದ. ಶಾಲೆಯ ಸ್ಟೋರ್ ರೂಮು ಗುಡಿಸಿ, ಮನೆಮನೆಯಿಂದ ಹಳೇ ಪುಸ್ತಕ ಕೇಳಿ ತಂದು ನೀನು ಮಾಡಿದ ಲೈಬ್ರರಿ ಈಗ ಬೇರೊಬ್ಬ ಟೀಚರ ಕೈಗೆ ಹೋಯಿತು, ನಿನ್ನನ್ನು ಇನ್ನೊಂದು ಬ್ರಾಂಚಿಗೆ ಹಾಕಿದರು, ವಾರ್ಷಿಕೋತ್ಸವದ ವರದಿಯಲ್ಲಿ ನಿನ್ನ ಹೆಸರೂ ಇಲ್ಲ. ಸಿಟ್ಟು ಬಂದದ್ದು ಸರಿಯೇ. ಬಾರದಿದ್ದರೆ ನಿನ್ನನ್ನು ನಮ್ಮ ಮನೆಯ ಹುಡುಗಿ ಅಂತ ಹೇಳುವುದೇ ಕಷ್ಟ. ಆದರೆ ‘ಕಪಾಟಿನ ಬೀಗದ ಕೈ ಮೇಜಿನ ಮೇಲೆ ಬಿಸಾಡಿ, ರಿಜಿಸ್ಟರ್ ಮನೆಗೆ ತಂದು, ರಾಜೀನಾಮೆ ಕೊಟ್ಟುಬಿಡ್ತೇನೆ’ ಅಂದಿದ್ದೀಯಲ್ಲ, ತಕರಾರಿರುವುದು ಅದಕ್ಕೆ.

ನಾನು ಕಲಿತದ್ದು ಕಾನ್ವೆಂಟಿನಲ್ಲಿ ಅಂತ ನಿನಗೆ ಗೊತ್ತು. ಆ ಸಿಸ್ಟರ್‌ಗಳ ಸಂಸ್ಥೆಯ ಮೂಲದಲ್ಲಿ ಒಬ್ಬ ಹೆಂಗಸಿದ್ದಾರೆ, ಮದರ್ ವೆರೋನಿಕಾ. ಆಫೀಸಿನ ಗೋಡೆಯ ಮೇಲಿನ ಪಟದಲ್ಲಿ ಅವರನ್ನು ನೋಡುತ್ತಾ ಬೆಳೆದ ನಮಗೆ ಅವರು ಮಂಗಳೂರಿಗೆ ಬಂದು ಶಾಲೆ ಕಟ್ಟಿದವರು ಅಂತಲೇ ನಂಬಿಕೆ. ಬಂದೇ ಇಲ್ಲ ಮಾರಾಯ್ತಿ! ಬಂದದ್ದು ಅವರು ಹುಟ್ಟುಹಾಕಿದ ಸಂಸ್ಥೆಯವರು, ಅವರಲ್ಲ.

ಹುಟ್ಟಿದ್ದು 1823ರಲ್ಲಿ, ಕಾನ್‌ಸ್ಟಾಂಟಿನೋಪಲ್‌ನಲ್ಲಿ, ಅಂದರೆ ಈಗಿನ ಇಸ್ತಾಂಬುಲ್. ಹೆಸರು ಸೋಫಿ ಲೀವ್ಸ್. ಅಪ್ಪ ಇಂಗ್ಲಿಷ್ ಪಾದ್ರಿ, ಆಂಗ್ಲಿಕನ್ ಪಂಗಡದವರು. ಬೈಬಲನ್ನು ಹೊಸ ಗ್ರೀಕ್ ಭಾಷೆಗೆ ತರುವ ಕೆಲಸದಲ್ಲಿ ಮುಳುಗಿದ್ದವರು. ಅಂಥ ಮನೆಯ ಮಗಳು 1850ರಲ್ಲಿ ಮಾಲ್ಟಾದಲ್ಲಿ ಕ್ಯಾಥೊಲಿಕ್ ಆದಳು. ಆ ಕಾಲದ ಪಾದ್ರಿಯ ಮನೆಯಲ್ಲಿ ಇದೆಂಥ ಸುದ್ದಿ ಅಂತ ಯೋಚಿಸು. ನಮ್ಮಲ್ಲಿ ಹುಡುಗಿ ಬೇರೆ ಜಾತಿಯವನನ್ನು ಮದುವೆಯಾದರೆ ಮನೆಯಲ್ಲಿ ಏಳುವ ಗದ್ದಲ ನೆನೆದರೆ ಸಾಕು. ಆಮೇಲೆ ಸಂತ ಜೋಸೆಫರ ಹೆಸರಿನ ಒಂದು ಫ್ರೆಂಚ್ ಸಂಸ್ಥೆ ಸೇರಿ ಸಿಸ್ಟರ್ ಆದರು. 1862ರಲ್ಲಿ ಅವರನ್ನು ಕಲ್ಲಿಕೋಟೆಗೆ ಕಳಿಸಿದರು. ನಮ್ಮ ಕರಾವಳಿಗೆ ಅವರ ಕಾಲು ತಗುಲಿದ್ದು ಆಗ.

ಕಲ್ಲಿಕೋಟೆಯ ಶಾಲೆಯಲ್ಲೇ ಅವರು ಉಳಿಯಬಹುದಿತ್ತು. ಆದರೆ ಈ ಕಡೆಯ ಹೆಣ್ಣುಮಕ್ಕಳಿಗೆ ಪಾಠ ಹೇಳುವುದಕ್ಕೇ ಅಂತ ಕಾರ್ಮೆಲ್ ಸಂಪ್ರದಾಯದ ಒಂದು ಹೊಸ ಸಿಸ್ಟರ್‌ಗಳ ಗುಂಪು ಬೇಕು ಅನ್ನುವ ಯೋಚನೆ ಬಂತು. ಮುಂದೆ ಮಂಗಳೂರಿನ ಬಿಷಪ್ ಆದ ಮರಿ ಎಫ್ರೆಮ್ ಅವರದ್ದೂ ಅದೇ ಹಂಬಲ. ಕಾರ್ಮೆಲ್ ಅಂದರೆ ಮಠದ ಒಳಗೇ ಇದ್ದು ಮೌನದಲ್ಲಿ ಪ್ರಾರ್ಥನೆ ಮಾಡುವವರು. ಅವರನ್ನು ಕರಿಹಲಗೆಯ ಮುಂದೆ ತಂದು ನಿಲ್ಲಿಸುವುದು ಹೇಗೆ? ವೆರೋನಿಕಾ ಫ್ರಾನ್ಸಿಗೆ ಮರಳಿ, 1867ರಲ್ಲಿ ಪೋ ಊರಿನ ಕಾರ್ಮೆಲ್ ಮಠ ಸೇರಿ, ನಲವತ್ತು ದಾಟಿದ ಮೇಲೆ ಮತ್ತೆ ಹೊಸಬಳಾಗಿ ಮೊದಲಿನಿಂದ ಕಲಿತರು. 1868ರ ಜುಲೈ 16ರಂದು, ಕಾರ್ಮೆಲ್ ಮಾತೆಯ ಹಬ್ಬದ ದಿನ, ಬಯೋನ್ ಎಂಬ ಊರಿನಲ್ಲಿ ಅಪೋಸ್ತಲಿಕ್ ಕಾರ್ಮೆಲ್ ಎಂಬ ಆ ಹೊಸ ಸಂಸ್ಥೆ ಶುರುವಾಯಿತು.

1870ರ ನವೆಂಬರ್‌ನಲ್ಲಿ ಮದರ್ ಮರಿ ದೆಸ್ ಆಂಜ್ ಅವರ ಮುಂದಾಳತ್ವದಲ್ಲಿ ಸಿಸ್ಟರ್‌ಗಳು ಮಂಗಳೂರಿಗೆ ಬಂದಿಳಿದರು. ಅಲ್ಲಿ ಫ್ರಾನ್ಸ್ ಮತ್ತು ಪ್ರಷ್ಯಾದ ನಡುವೆ ಯುದ್ಧ, ಇಲ್ಲಿ ರೈಲು ಬರುವುದಕ್ಕೇ ಇನ್ನೂ 37 ವರ್ಷ. ಅದೇ ವರ್ಷ ಪೋದಿಂದ ಮಂಗಳೂರಿಗೆ ಹೊರಟಿದ್ದ ಮಠವಾಸಿ ಕಾರ್ಮೆಲ್ ಸಿಸ್ಟರ್‌ಗಳ ತಂಡದಲ್ಲಿ ಕೆಲವರು ದಾರಿಯಲ್ಲೇ ತೀರಿಕೊಂಡಿದ್ದರು. ಅಷ್ಟಾದ ಮೇಲೂ ಇವರು ಹಡಗು ಹತ್ತಿದರಲ್ಲ! ಬಂದು ಸಂತ ಆನ್ಸ್ ಶಾಲೆ ಶುರು ಮಾಡಿದರು. ಬಾಸೆಲ್ ಮಿಷನ್ನಿನವರ ಹೆಣ್ಣುಮಕ್ಕಳ ಶಾಲೆಗಳು ಮೊದಲೇ ಇದ್ದವು, ಹಾಗಾಗಿ ಎಲ್ಲಾ ಇವರಿಂದಲೇ ಅನ್ನುವುದು ಭಾಷಣದ ಮಾತು.

ಇನ್ನು ಬಯೋನ್‌ನ ಮೂಲ ಮಠ ಏನಾಯಿತು ಗೊತ್ತಾ? ಕೆಲವೇ ವರ್ಷಗಳಲ್ಲಿ ಮುಚ್ಚಿಹೋಯಿತು. ತಾನು ಕಟ್ಟಿದ ಮನೆಯೇ ಇಲ್ಲ, ತಾನು ತರಬೇತಿ ಕೊಟ್ಟ ಹುಡುಗಿಯರು ಏಳು ಸಮುದ್ರದಾಚೆ. ವೆರೋನಿಕಾ ಪೋ ಮಠದಲ್ಲಿ 1906ರಲ್ಲಿ ತೀರಿಕೊಂಡರು. ಮಂಗಳೂರಿನ ಶಾಲೆಯನ್ನು ಕಣ್ಣಾರೆ ನೋಡಲಿಲ್ಲ. 1921ರಲ್ಲಿ ಮದರ್ ಅಲೋಶಿಯಾ ಬೆಂದೂರಿನಲ್ಲಿ ಸಂತ ಆಗ್ನೆಸ್ ಕಾಲೇಜು ತೆರೆದಾಗ, ಪಶ್ಚಿಮ ಕರಾವಳಿಯ ಮೊದಲ ಮಹಿಳಾ ಕಾಲೇಜು ಅದು, ವೆರೋನಿಕಾ ಹೋಗಿ 15 ವರ್ಷವಾಗಿತ್ತು. ಬೆಂಗಳೂರಿನ ಮೌಂಟ್ ಕಾರ್ಮೆಲ್ ಆಮೇಲಿನದ್ದು, 1948ರದ್ದು. ಕುವೈತಿನ ಕಾರ್ಮೆಲ್ ಸ್ಕೂಲೂ ಇವರದ್ದೇ; ನಮ್ಮೂರಿನಿಂದ ದುಡಿಯಲು ಹೋದವರ ಮಕ್ಕಳು ಅಲ್ಲೂ ಇವರ ಕೈಯಲ್ಲೇ ಕಲಿತದ್ದು. 2014ರಲ್ಲಿ ಪೋಪ್ ಫ್ರಾನ್ಸಿಸ್ ವೆರೋನಿಕಾ ಅವರನ್ನು ವೆನರಬಲ್ ಅಂತ ಘೋಷಿಸಿದರು; ಸಂತ ಪದವಿಗೆ ಹೋಗುವ ದಾರಿಯಲ್ಲಿ ಅದೊಂದು ಮೆಟ್ಟಿಲು. ನಾನು ದೇವರ ಕೋಣೆಯಲ್ಲಿ ಗಣಪತಿ ಇಟ್ಟುಕೊಂಡವಳು, ನನಗೆ ಅವರು ಸಂತರಾಗಲಿ ಬಿಡಲಿ ಒಂದೇ. ಆ ಸಿಸ್ಟರ್‌ಗಳು ಬಂದದ್ದೂ ಮೊದಲು ತಮ್ಮ ಸಭೆಯ ಮಕ್ಕಳಿಗಾಗಿ, ನಮಗಾಗಿ ಅಲ್ಲ. ಅದನ್ನು ಮುಚ್ಚಿಡುವ ಅಗತ್ಯವಿಲ್ಲ. ಬಾಗಿಲು ತೆರೆದಿತ್ತು, ನಮ್ಮವರೂ ಒಳಗೆ ಹೋದರು.

ನಾನು ಹತ್ತಿರದಿಂದ ನೋಡಿದ್ದು ಈ ಸಿಸ್ಟರ್‌ಗಳ ವರ್ಗಾವಣೆಯನ್ನು. ಬೇಸಗೆ ರಜೆಯಲ್ಲಿ ಪ್ರೊವಿನ್ಶಿಯಲ್ ಹೌಸಿನಿಂದ, ಅಂದರೆ ಅವರ ಪ್ರಾಂತ್ಯದ ಮುಖ್ಯ ಕಚೇರಿಯಿಂದ, ಆದೇಶ ಬರುತ್ತದೆ, ಇಂಥವರು ಇಂಥ ಊರಿಗೆ. ನಮಗೆ ಹೊಲಿಗೆ ಹೇಳಿಕೊಡುತ್ತಿದ್ದ ಒಬ್ಬ ಸಿಸ್ಟರ್ ಇದ್ದರು. ಬಿಳಿ ಕೋರಾ ಬಟ್ಟೆಯ ತುಂಡಿನಲ್ಲಿ ನಾವು ಹೆಮ್ಮಿಂಗ್ ಹಾಕಿದ್ದನ್ನು ಕಿಟಕಿಯ ಬೆಳಕಿಗೆ ಹಿಡಿಯುತ್ತಿದ್ದರು. ಒಂದು ಹೊಲಿಗೆ ಉದ್ದ, ಒಂದು ಗಿಡ್ಡ ಕಂಡರೆ ಬೈಗಳಿಲ್ಲ. ಸೂಜಿಯ ಮೊನೆಯಿಂದ ಅಲ್ಲಿಯವರೆಗೆ ಬಿಚ್ಚಿ, ಬಟ್ಟೆ ವಾಪಸ್ಸು ಕೊಡುತ್ತಿದ್ದರು. ಅವರಿಗೆ ವರ್ಗವಾದ ವರ್ಷ ಕಪಾಟು ತೆಗೆದು ನೋಡಿದರೆ, ಪ್ರತಿ ತರಗತಿಯ ಬಟ್ಟೆ ಬೇರೆ ಬೇರೆ ಕಟ್ಟು. ಒಂದೊಂದರ ಮೇಲೂ ಚೀಟಿ: ಯಾರು ಎಲ್ಲಿಯವರೆಗೆ ಹಾಕಿದ್ದಾರೆ, ಯಾರಿಗೆ ಬಟನ್ ಹೋಲ್ ಇನ್ನೂ ಬರುವುದಿಲ್ಲ, ಯಾರ ಮನೆಯಲ್ಲಿ ದಾರ ಕೊಡಿಸುವ ಅನುಕೂಲವಿಲ್ಲ, ಅವಳಿಗೆ ಶಾಲೆಯ ಡಬ್ಬದಿಂದ ಕೊಡಿ. ಹೊಸ ಸಿಸ್ಟರ್ ಮೊದಲ ದಿನವೇ ನಾವು ನಿಲ್ಲಿಸಿದ ಹೊಲಿಗೆಯಿಂದಲೇ ಶುರು ಮಾಡಿದರು. ನಮಗೆ ಹಳೇ ಸಿಸ್ಟರ್ ನೆನಪಾಗಿ ಅಳು ಬಂತು, ಪಾಠ ಮಾತ್ರ ನಿಲ್ಲಲಿಲ್ಲ.

ಪುಟ್ಟೀ, ನೀನೂ ಅಷ್ಟು ಮಾಡು. ರಿಜಿಸ್ಟರ್ ಮನೆಗೆ ತರಬೇಡ, ಅದು ನಿನ್ನದಲ್ಲ, ಮಕ್ಕಳದ್ದು. ಯಾವ ಪುಸ್ತಕ ಯಾರ ಹತ್ತಿರ ಇದೆ, ಯಾವ ಹುಡುಗ ಚಿತ್ರ ಇದ್ದರೆ ಮಾತ್ರ ಓದುತ್ತಾನೆ, ಯಾರು ಸಂಕೋಚದಿಂದ ಕೇಳುವುದಿಲ್ಲ, ಎಲ್ಲ ಬರೆದಿಡು. ಒಂಬತ್ತನೇ ತರಗತಿಗೆ ಹೋಗುವ ಇಬ್ಬರಿಗೆ ಪುಸ್ತಕ ಕೊಡುವ, ತೆಗೆದುಕೊಳ್ಳುವ ಕೆಲಸ ಕಲಿಸಿಬಿಡು. ಹೊಸ ಟೀಚರ ಜೊತೆ ಅರ್ಧ ಗಂಟೆ ಕೂತು ಕಪಾಟು ತೋರಿಸು, ಬೀಗದ ಕೈ ಅವರ ಕೈಯಲ್ಲೇ ಕೊಡು. ಆಮೇಲೆ ವಾರಕ್ಕೊಮ್ಮೆ ಫೋನ್ ಮಾಡಿ ‘ಹೇಗೆ ನಡೀತಿದೆ’ ಅಂತ ಕೇಳಬೇಡ. ಅವರು ಪುಸ್ತಕ ಜೋಡಿಸುವ ಕ್ರಮ ಬದಲಿಸುತ್ತಾರೆ, ನಿನಗೆ ಉರಿಯುತ್ತದೆ. ಬದಲಿಸಲಿ.

ಇದನ್ನು ಹೇಳಿದೆ ಅಂತ ಇನ್ನೊಂದನ್ನು ತಪ್ಪು ತಿಳಿಯಬೇಡ. ನಿಮ್ಮ ಮ್ಯಾನೇಜ್‌ಮೆಂಟಿನವರು ‘ಟೀಚಿಂಗ್ ಅಂದರೆ ಸೇವೆ, ಸಿಸ್ಟರ್‌ಗಳನ್ನು ನೋಡಿ’ ಅಂದರಂತೆ. ಆ ಮಾತಿಗೆ ಸೋಲಬೇಡ. ಸಿಸ್ಟರ್‌ಗಳಿಗೆ ಹಿಂದೆ ಒಂದು ಸಂಸ್ಥೆ ಇದೆ. ಕಾಯಿಲೆ ಬಿದ್ದರೆ ನೋಡುವವರಿದ್ದಾರೆ, ವಯಸ್ಸಾದರೆ ಒಂದು ಕೋಣೆ ಇದೆ. ನಿನಗಿರುವುದು ಮನೆ ಬಾಡಿಗೆ, ಸ್ಕೂಟರಿನ ಕಂತು. ತ್ಯಾಗ ಮಾಡಲು ಹೊರಟವರು ಅದನ್ನು ತಾವಾಗಿ ಒಪ್ಪಿ ಮಾಡಿದ್ದು. ನಿನ್ನ ಪಿಎಫ್ ಕಟ್ಟದವರಿಗೆ ಅವರ ಹೆಸರೆತ್ತುವ ಹಕ್ಕಿಲ್ಲ. ಇನ್‌ಕ್ರಿಮೆಂಟ್ ಬಗ್ಗೆ, ವರದಿಯಲ್ಲಿ ಹೆಸರು ಬಿಟ್ಟ ಬಗ್ಗೆ ಕೇಳುವುದನ್ನು ಕೇಳು, ಬರೆದೇ ಕೇಳು, ಒಂದು ಪ್ರತಿ ಇಟ್ಟುಕೋ.

ಬಿಟ್ಟೇ ಹೋಗಬೇಕು ಅನ್ನಿಸಿದರೆ ಅದೂ ಪಾಪವಲ್ಲ. ವೆರೋನಿಕಾ ಪಂಗಡ ಬಿಟ್ಟರು, ಮೊದಲು ಸೇರಿದ ಸಂಸ್ಥೆ ಬಿಟ್ಟರು, ಕಲ್ಲಿಕೋಟೆ ಬಿಟ್ಟರು. ಪರೀಕ್ಷೆ ಮುಗಿಯಲಿ, ಮಾರ್ಕ್ಸ್ ಕಾರ್ಡು ಕೊಟ್ಟಾಗಲಿ. ಹೊಸ ಬ್ರಾಂಚಿಗೂ ಒಮ್ಮೆ ಹೋಗಿ ನೋಡಿ ಬಾ, ಅಲ್ಲಿ ಸ್ಟೋರ್ ರೂಮು ಇದೆಯೋ ಇಲ್ಲವೋ. ಆಮೇಲೂ ಬೇಡ ಅನ್ನಿಸಿದರೆ ನಿನ್ನ ಅಪ್ಪನಿಗೆ ನಾನೇ ಹೇಳುತ್ತೇನೆ. ನನ್ನ ತಮ್ಮ ಕೂಗಾಡುವುದು ಮೊದಲ ಹತ್ತು ನಿಮಿಷ ಮಾತ್ರ.

ಮಕ್ಕಳ ಓದುವ ಪುಸ್ತಕ ನನ್ನ ಕಪಾಟಿನಲ್ಲೂ ಒಂದು ಪೆಟ್ಟಿಗೆಯಾಗುವಷ್ಟು ಇವೆ. ಹಳೇ ಶಾಲೆಗೋ ಹೊಸದಕ್ಕೋ, ಯಾವುದಕ್ಕೆ ಕಳಿಸಲಿ ಅಂತ ತಿಳಿಸು.

ಇಂತಿ,
ನಿನ್ನ ಅತ್ತೆ