ದೋಣಿಗೆ ಸಹಾಯಧನ ಇದೆ, ಬ್ಯಾಟರಿ ತುಂಬಿಸುವ ಜಾಗವನ್ನೂ ಕೊಡಿ

ಯಾದಗಿರಿ ಜಿಲ್ಲಾ ಉಸ್ತುವಾರಿ ಸಚಿವರಿಗೆ ನಮಸ್ಕಾರ.

ನಾರಾಯಣಪುರದ ಬಸವಸಾಗರ ಜಲಾಶಯದಲ್ಲಿ ಮೀನು ಹಿಡಿಯುವವರ ಪರವಾಗಿ ಬರೆಯುತ್ತಿದ್ದೇನೆ. ಸಂಜೆ ಬಲೆ ಬಿಟ್ಟು ನಸುಕಿನಲ್ಲಿ ಎತ್ತುವವರು ನಾವು. ದೀಪ, ಫೋನು, ಕೆಲವರ ದೋಣಿಯ ಸಣ್ಣ ಮೋಟರು, ಎಲ್ಲಾ ನಡೆಯುವುದು ಒಂದೇ 12 ವೋಲ್ಟ್ ಬ್ಯಾಟರಿ ಮೇಲೆ. ನಡುನೀರಿನಲ್ಲಿ ಗಾಳಿ ಎದ್ದಾಗ ಅದು ಕೈಕೊಟ್ಟರೆ ನಮಗೆ ದಡ ಕಾಣುವುದಿಲ್ಲ, ಬೇರೆ ದೋಣಿಯವರಿಗೆ ನಾವೂ ಕಾಣುವುದಿಲ್ಲ. ಇದು ಜೀವದ ಮಾತು ಸಾಹೇಬರೇ.

ರಾತ್ರಿಯೆಲ್ಲಾ ಉರಿದ ಸೀಸದ ಬ್ಯಾಟರಿಯನ್ನು ಮರುದಿನವೇ ಪೂರ್ತಿ ತುಂಬಿಸಬೇಕು. ಅರೆಬರೆ ಬಿಟ್ಟರೆ ಪ್ಲೇಟಿನ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂರುತ್ತದೆ, ಆಮೇಲೆ ಎಷ್ಟು ಹೊತ್ತು ಹಚ್ಚಿಟ್ಟರೂ ಅದು ಮೊದಲಿನ ಹಾಗೆ ತುಂಬುವುದಿಲ್ಲ. ತುಂಬಿದ ಬ್ಯಾಟರಿ ಸುಮ್ನೆ ಇಟ್ಟಾಗ 12.7 ವೋಲ್ಟ್ ಹತ್ತಿರ ತೋರಿಸಬೇಕು. 12ಕ್ಕೆ ಇಳಿದಿದ್ದರೆ ಅರ್ಧಕ್ಕಿಂತ ಜಾಸ್ತಿ ಖಾಲಿ. ನಮ್ಮಲ್ಲಿ ಕರೆಂಟು ಬಂದು ಹೋಗಿ ಮಾಡುತ್ತದೆ, ಅಗ್ಗದ ಚಾರ್ಜರ್‌ಗೆ ಎಲ್ಲಿ ನಿಲ್ಲಬೇಕೆಂದು ಗೊತ್ತಾಗುವುದಿಲ್ಲ, ಹೀಗಾಗಿ ಒಂದೋ ಅರ್ಧ ಚಾರ್ಜು, ಇಲ್ಲವೇ ಒಳಗಿನ ನೀರು ಕುದ್ದು ಒಣಗುವುದು. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಬಿಸಿಲು ಬೇರೆ, ಅದರಿಂದಲೂ ಬ್ಯಾಟರಿಯ ಆಯಸ್ಸು ಇಳಿಯುತ್ತದೆ. ಹೊಸದು ಕೊಳ್ಳಲು ಮತ್ತೆ ಸಾಲ.

ಬಿಸಿಲು ಇಷ್ಟಿದ್ದರೂ ಅದನ್ನು ಬಳಸುತ್ತಿಲ್ಲ, ಅಲ್ವಾ? ಕೆಲವರು ಸೌರ ಪ್ಯಾನೆಲ್‌ನಿಂದ ಬ್ಯಾಟರಿಗೆ ನೇರ ವೈರು ಎಳೆಯುತ್ತಾರೆ. ನಡುವೆ ಚಾರ್ಜ್ ಕಂಟ್ರೋಲರ್ ಇಲ್ಲದಿದ್ದರೆ ಬ್ಯಾಟರಿ ತುಂಬಿದ ಮೇಲೂ ಕರೆಂಟು ಹರಿಯುತ್ತಲೇ ಇರುತ್ತದೆ, ಅದು ಇನ್ನೂ ಕೆಟ್ಟದ್ದು.

ನಾವು ಕೇಳುವುದು ಇಷ್ಟು. ದೋಣಿ ಕಟ್ಟುವ ದಡದಲ್ಲಿ ಗಾಳಿಯಾಡುವ ಒಂದು ಶೆಡ್ಡು, ಮೇಲೆ ಸೌರ ಪ್ಯಾನೆಲ್, ಪ್ರತಿ ಬ್ಯಾಟರಿಗೂ ಒಂದು ಕಂಟ್ರೋಲರ್, ಮೀಟರು, ಡಿಸ್ಟಿಲ್ಡ್ ವಾಟರ್, ನೋಡಿಕೊಳ್ಳಲು ತರಬೇತಿ ಪಡೆದ ಊರಿನ ಹುಡುಗ. 100 ಆಂಪಿಯರ್-ಅವರ್ ಬ್ಯಾಟರಿ ಅರ್ಧ ಖಾಲಿಯಾದರೆ ಸುಮಾರು 600 ವ್ಯಾಟ್-ಅವರ್ ಬೇಕು. 100 ವ್ಯಾಟ್ ಪ್ಯಾನೆಲ್ ಒಳ್ಳೆ ಬಿಸಿಲಿದ್ದ ದಿನ ಕೊಡುವುದು 400ರಿಂದ 500. ಮೋಡದ ದಿನಗಳನ್ನೂ ಲೆಕ್ಕ ಹಿಡಿದರೆ ಬ್ಯಾಟರಿಗೆ ಎರಡು ಪ್ಯಾನೆಲ್ ಆದರೂ ಇರಲಿ. ಅರ್ಧಂಬರ್ಧ ಕೊಟ್ಟು ಉದ್ಘಾಟನೆ ಮಾಡಬೇಡಿ ದಯವಿಟ್ಟು.

2020ರಲ್ಲಿ ಶುರುವಾದ ಮತ್ಸ್ಯ ಸಂಪದ ಯೋಜನೆಯಲ್ಲಿ ದೋಣಿ, ಬಲೆಗೆ ಸಹಾಯಧನ ಇದೆ. ಸಂವಿಧಾನದಲ್ಲಿ ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಡುವ 371ಜೆ ವಿಧಿ ಬಂದ ಮೇಲೆ ನಮ್ಮ ಭಾಗಕ್ಕೆಂದೇ ಕಲ್ಯಾಣ ಕರ್ನಾಟಕ ಪ್ರದೇಶ ಅಭಿವೃದ್ಧಿ ಮಂಡಳಿಯೂ ಇದೆ. ಎಲ್ಲಾ ದಡಕ್ಕೂ ಒಮ್ಮೆಲೇ ಕೇಳುತ್ತಿಲ್ಲ. ಮೊದಲು ನಾರಾಯಣಪುರದಲ್ಲಿ ಒಂದು ಮಾಡಿ. ಜಾಗ ನಾವು ತೋರಿಸುತ್ತೇವೆ, ದಿನಕ್ಕಿಷ್ಟು ಅಂತ ಬಾಡಿಗೆಯನ್ನೂ ಕೊಡುತ್ತೇವೆ. ಯಾವ ತಿಂಗಳು ಕೆಲಸ ಶುರು ಎಂದು ಮಾತ್ರ ಬರವಣಿಗೆಯಲ್ಲಿ ತಿಳಿಸಿ.

ಇಂತಿ,
ನಾರಾಯಣಪುರದ ಮೀನುಗಾರ