ಹಳೆ ಬೀಗ: ತೆರೆಯುವ ಮುನ್ನ, ತಿಕ್ಕುವ ಮುನ್ನ

ಸದಸ್ಯರ ಗಮನಕ್ಕೆ.

ಹಿತ್ತಾಳೆ ಬೀಗಗಳನ್ನು ಹುಣಸೆಹಣ್ಣು ಹಾಕಿ ತಿಕ್ಕಬೇಡಿ. ಮೇಲಿನ ಕಂದು ಪದರ ಹೋದರೆ ಹಳತನದ ಸುಳಿವೂ ಹೋಯಿತು, ಬೆಲೆಯೂ ಹೋಯಿತು.

ಕೀಲಿ ತಿರುಗುತ್ತಿಲ್ಲವೆಂದು ಬಲ ಹಾಕಬೇಡಿ, ಅದು ತಿರುಗಿಸುವ ಬೀಗವೇ ಅಲ್ಲದಿರಬಹುದು. ರೋಮನ್ನರಲ್ಲೂ ಚೀನೀಯರಲ್ಲೂ ಬಳಕೆಯಲ್ಲಿದ್ದ ಸ್ಪ್ರಿಂಗ್ ಬೀಗಕ್ಕೆ ಕೀಲಿಯನ್ನು ನೇರವಾಗಿ ತಳ್ಳಬೇಕು. ಕೀಲಿಯ ತುದಿಯ ಕಿಂಡಿ, ಒಳಗೆ ಅಗಲಿಸಿಕೊಂಡಿರುವ ಪಟ್ಟಿಗಳನ್ನು ಅದುಮಿದಾಗಲೇ ಅಗುಳಿ ಹೊರಗೆ ಜಾರುತ್ತದೆ. ತಿರುಚಿದರೆ ತುಕ್ಕು ಹಿಡಿದ ಪಟ್ಟಿ ಬುಡದಲ್ಲೇ ಮುರಿಯುತ್ತದೆ, ಮತ್ತೆ ಅದನ್ನು ಕೂರಿಸುವುದು ದೊಡ್ಡ ತಲೆನೋವು. ನಮ್ಮ ಕಡೆ ಸಿಗುವ ಸ್ಕ್ರೂ ಬೀಗ ಬೇರೆಯೇ ಬಗೆ: ಕೀಲಿ ತಿರುಗಿಸುತ್ತ ಹೋದಂತೆ ಅದರ ಥ್ರೆಡ್ ಒಳಗಿನ ಅಗುಳಿಯನ್ನು ಎಳೆಯುತ್ತದೆ.

ಬಿಗಿಯಾಗಿದ್ದರೆ ಹೊಲಿಗೆ ಯಂತ್ರದ ಎಣ್ಣೆ ಎರಡು ಹನಿ ಬಿಟ್ಟು ಒಂದು ರಾತ್ರಿ ಕಾಯಿರಿ. ಅಡುಗೆ ಎಣ್ಣೆ ಬೇಡವೇ ಬೇಡ, ಒಣಗಿ ಅಂಟಾಗುತ್ತದೆ.

ಕಂಚಿನ ಕೀಲಿಯಿಂದ ತಿಳಿಹಸಿರು ಪುಡಿ ಉದುರುತ್ತಿದ್ದರೆ ಅದು ಕ್ಲೋರೈಡಿನ, ಅಂದರೆ ಉಪ್ಪಿನಂಶದ, ಕೆಲಸ. ಕೂಡಲೇ ಬೇರೆ ಡಬ್ಬಕ್ಕೆ ಹಾಕಿ, ತೇವ ಹೀರುವ ಸಿಲಿಕಾ ಜೆಲ್ ಇಟ್ಟು ತೇವಾಂಶವನ್ನು ಶೇ. 40ಕ್ಕಿಂತ ಕೆಳಗಿಡಿ.

ವಿದೇಶದ ಗೆಳೆಯರಿಗೆ ಪಾರ್ಸೆಲ್ ಮಾಡುವ ಯೋಚನೆ ಇದ್ದವರಿಗೆ: 1972ರ ಪುರಾವಸ್ತು ಮತ್ತು ಕಲಾನಿಧಿ ಕಾಯ್ದೆಯ ಪ್ರಕಾರ 100 ವರ್ಷ ದಾಟಿದ ಪುರಾವಸ್ತುವನ್ನು ಖಾಸಗಿಯವರು ದೇಶದಾಚೆ ಕಳಿಸುವಂತಿಲ್ಲ.