ಪ್ರಬಂಧ ಮುಗಿಸಿದ ಹೊತ್ತಿನಲ್ಲಿ ಕೆಲವು ಋಣಗಳು

ಮೈಸೂರು ಯುದ್ಧಗಳನ್ನು ಬ್ರಿಟಿಷ್ ಚಿತ್ರಕಾರರು ಚಿತ್ರಿಸಿದ ಬಗೆಯನ್ನೂ, ಆ ಚಿತ್ರಗಳು ಲಂಡನ್ನಿನ ಜನರ ಮನಸ್ಸಿನಲ್ಲಿ ನಮ್ಮ ನಾಡಿನ ಕುರಿತು ಮೂಡಿಸಿದ ಕಲ್ಪನೆಯನ್ನೂ ಕುರಿತ ನನ್ನ ಸಂಶೋಧನಾ ಪ್ರಬಂಧಕ್ಕೆ ಪಿಎಚ್.ಡಿ. ಪದವಿ ದೊರೆತಿದೆ. ಇದಕ್ಕೆ ನೆರವಾದವರನ್ನು ಬಹಿರಂಗವಾಗಿ ನೆನೆಯುವುದು ನನ್ನ ಕರ್ತವ್ಯ.

ಮೊದಲ ನಮಸ್ಕಾರ ನನ್ನ ಮಾರ್ಗದರ್ಶಕರಿಗೆ. ಟಿಪ್ಪುವಿನ ಮಕ್ಕಳನ್ನು ಒತ್ತೆಯಾಗಿ ಒಪ್ಪಿಸಿದ 1792ರ ಪ್ರಸಂಗವನ್ನು ಬ್ರಿಟಿಷ್ ಚಿತ್ರಕಾರ ರಾಬರ್ಟ್ ಹೋಮ್ ಬರೆದ ಚಿತ್ರದಲ್ಲಿ, ಮುಖಗಳನ್ನು ಬಿಟ್ಟು ಕೈಗಳನ್ನು ಗಮನಿಸಲು ಹೇಳಿದವರು ಅವರು. ಅರ್ಧ ರಾಜ್ಯ ಮತ್ತು 3 ಕೋಟಿ 30 ಲಕ್ಷ ರೂಪಾಯಿಗಳನ್ನು ಕಿತ್ತುಕೊಂಡು, ಅದರ ಭದ್ರತೆಗೆಂದು ಇಬ್ಬರು ಎಳೆಯ ಹುಡುಗರನ್ನೂ ಪಡೆದ ಆ ಒಪ್ಪಂದವು ಚಿತ್ರದಲ್ಲಿ ಬ್ರಿಟಿಷ್ ಗವರ್ನರ್ ಜನರಲ್ ಕಾರ್ನ್‌ವಾಲಿಸ್ ಬಾಲಕನ ಕೈ ಹಿಡಿಯುವ ವಾತ್ಸಲ್ಯದ ದೃಶ್ಯವಾಗಿಬಿಟ್ಟಿದೆ. ಹೋಮ್ ಅಲ್ಲಿ ಖುದ್ದಾಗಿ ಇದ್ದವನು. ಆದ್ದರಿಂದಲೇ ಆ ಚಿತ್ರವನ್ನು ಜನ ಸಾಕ್ಷ್ಯವೆಂದು ನಂಬಿದರು. ಭಾರತಕ್ಕೆ ಕಾಲಿಡದೆಯೇ 1799ರ ಶ್ರೀರಂಗಪಟ್ಟಣದ ಪತನವನ್ನು 1800ರಲ್ಲಿ ಬೃಹತ್ ಪಟವಾಗಿ ಬರೆದು ಲಂಡನ್ನಿನಲ್ಲಿ ಪ್ರದರ್ಶಿಸಿದ ರಾಬರ್ಟ್ ಕೆರ್ ಪೋರ್ಟರ್‌ಗಿಂತ, ನನ್ನ ದೃಷ್ಟಿಯಲ್ಲಿ, ಹೋಮ್‌ನ ಪ್ರಭಾವವೇ ಹೆಚ್ಚು ಸೂಕ್ಷ್ಮವಾದದ್ದು.

ಪೋರ್ಟರನ ಪಟವನ್ನು ಆಧರಿಸಿದ ಮುದ್ರಿತ ಚಿತ್ರಗಳನ್ನು ಬೇಸರಿಸದೆ ಮತ್ತೆ ಮತ್ತೆ ತೆಗೆದುಕೊಟ್ಟ ಗ್ರಂಥಪಾಲಕರಿಗೆ ವಂದನೆಗಳು. ಡೇವಿಡ್ ವಿಲ್ಕಿಯ 1839ರ ಚಿತ್ರದಲ್ಲಿ, ಟಿಪ್ಪುವಿನ ಶವದ ಬಳಿ ನಿಂತ ಬ್ರಿಟಿಷ್ ಸೇನಾನಿ ಬೇರ್ಡ್‌ನ ಕಾಲ ಕೆಳಗೆ ಸೆರೆಮನೆಯ ಕಂಬಿಯ ಜಾಲರಿಯಿರುವುದನ್ನು ತೋರಿಸಿಕೊಟ್ಟ ಸಹಪಾಠಿಗೂ ನಾನು ಋಣಿ. ಪೊಳ್ಳಿಲೂರಿನ ಕಾಳಗದಲ್ಲಿ ಮೈಸೂರು ಸೇನೆಗೆ ಸೆರೆಸಿಕ್ಕು ಶ್ರೀರಂಗಪಟ್ಟಣದಲ್ಲಿ ಬಂದಿಯಾಗಿದ್ದ ಬೇರ್ಡ್ ವಿಜೇತನಾಗಿ ಮರಳಿದ ಕಥೆಯಷ್ಟೂ ಆ ಜಾಲರಿಯಲ್ಲಿದೆ. ಚಿತ್ರ ಬರೆಸಿದವರು ಆತನ ವಿಧವೆ ಪತ್ನಿ ಎಂಬುದನ್ನು ಮರೆಯುವಂತಿಲ್ಲ.

ಶ್ರೀರಂಗಪಟ್ಟಣದಲ್ಲಿರುವ ಟಿಪ್ಪುವಿನ ಅರಮನೆ ದರಿಯಾ ದೌಲತ್‌ನ ಗೋಡೆಯ ಮುಂದೆ ನಿಂತು, 1780ರ ಪೊಳ್ಳಿಲೂರು ಕಾಳಗದ ಭಿತ್ತಿಚಿತ್ರವನ್ನು ಅಂಗುಲ ಅಂಗುಲವಾಗಿ ವಿವರಿಸಿದ ಹಿರಿಯರೊಬ್ಬರ ಉಪಕಾರ ದೊಡ್ಡದು. ಚೌಕಾಕಾರದ ವ್ಯೂಹದ ನಡುವೆ ಪಲ್ಲಕ್ಕಿಯಲ್ಲಿ ಕುಳಿತ ಗಾಯಾಳು ಬ್ರಿಟಿಷ್ ದಳಪತಿ ಬೇಲಿ (Baillie), ಸಿಡಿಯುತ್ತಿರುವ ಮದ್ದಿನ ಬಂಡಿ, ಸುತ್ತ ಮೈಸೂರಿನ ಕುದುರೆಗಳ ಸಾಲು: ಸೋತವರು ಯಾರೆಂಬುದನ್ನು ನಮ್ಮವರೂ ಬಣ್ಣದಲ್ಲಿ ಬರೆದಿಟ್ಟಿದ್ದರು. ಲಂಡನ್ನಿನ ಪ್ರೇಕ್ಷಕರಿಗೆ ಈ ಗೋಡೆ ಕಾಣುವಂತಿರಲಿಲ್ಲ, ಅಷ್ಟೆ.

ಮೌಖಿಕ ಪರೀಕ್ಷೆಯಲ್ಲಿ ಹೋಮ್‌ನ ಕಲೆಗಾರಿಕೆಯನ್ನು ರಾಜಕೀಯಕ್ಕೆ ಇಳಿಸಬಾರದೆಂದು ವಾದಿಸಿದ ಪರೀಕ್ಷಕರಿಗೂ ಕೃತಜ್ಞತೆಗಳು. ಅವರ ಮಾತನ್ನು ನಾನು ಅರ್ಧದಷ್ಟೇ ಒಪ್ಪಿದ್ದೇನೆ. ಉಳಿದರ್ಧದ ಜಗಳವನ್ನು ಪುಸ್ತಕರೂಪದಲ್ಲಿ ಮುಂದುವರಿಸಲು ಅವರೇ ಅನುಮತಿ ಕೊಟ್ಟಿದ್ದಾರೆ.